ಪಡಸಾಲೆಯಲ್ಲಿ ನುಂಗಿದ ಗುಳಿಗೆ

ಸಾವಿರದ ಒಂಬೈನೂರ ಎಂಬತ್ತೇಳನೆಯ ಇಸವಿ, ಸಂಕ್ರಮಣದ ಮರುದಿನ, ಮುಂಜಾನೆ ಹನ್ನೊಂದು ಗಂಟೆ. ಸ್ಥಳ ಕುಬಿಹಾಳ, ಅವಳ ಅಣ್ಣನ ಮನೆಯ ಪಡಸಾಲೆ. ಹಾಜರಿದ್ದವರು: ಅವಳ ಅಣ್ಣ, ಅಣ್ಣನ ಹೆಂಡತಿ, ಓಣಿಯ ಹೆಣ್ಣುಮಕ್ಕಳು, ಮಿಶ್ರಿಕೋಟಿಯಿಂದ ಬಾಡಿಗೆ ಟೆಂಪೋ ಮಾಡಿಕೊಂಡು ಬಂದ ಅವಳ ಗಂಡ, ಅತ್ತೆ, ಹತ್ತು ವರ್ಷದ ಮಗಳು, ಮತ್ತು ನಾನು. ಅವಳ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮಣ್ಣು ಮಾಡುವುದು ಮಧ್ಯಾಹ್ನ ಒಂದಕ್ಕೆ ಎಂದು ಹಿರಿಯರು ಹೇಳಿದ್ದರು.

ಅತ್ತೆ ಹಸಿರು ಸೀರೆ ತಂದಿದ್ದಳು, ಹಸಿರು ಬಳೆ, ಉಡಿಯಕ್ಕಿ, ಎಲ್ಲ ತಂದಿದ್ದಳು. ತಾನೇ ಮುಂದಾಗಿ ಹಣೆ ತುಂಬ ಕುಂಕುಮ ಹಚ್ಚಿದಳು. "ಮುತ್ತೈದಿ ಸಾವು ನೋಡ್ರೆವಾ. ಪುಣ್ಯೇದಾಕಿ," ಎಂದು ಓಣಿಯವರಿಗೆಲ್ಲ ಕೇಳುವಂತೆ ಅಂದಳು. ಬದುಕಿದ್ದಾಗ ಇವಳನ್ನು ತನ್ನ ಹೊಸ್ತಿಲು ದಾಟಲು ಬಿಡದ ಕೈ ಅದು. ಸತ್ತ ಮೇಲೆ ಸೊಸೆ ಮತ್ತೆ ಸೊಸೆಯಾದಳು. ಸತ್ತವರಿಗೆ ಗುಳಿಗೆ ಬೇಕಾಗುವುದಿಲ್ಲವಲ್ಲ.

ಹಿಂದಿನ ದಿನ ಸಂಜೆ ಹಿತ್ತಲಲ್ಲಿ ಒಟ್ಟಿದ ಸಗಣಿಯ ಕುಳ್ಳಿನೊಳಗೆ ಕೈ ಹಾಕಿದಾಗ ಹಾವು ಕಚ್ಚಿತ್ತು. ಚಕ್ಕಡಿಯಲ್ಲಿ ಕುಂದಗೋಳಕ್ಕೆ ಒಯ್ದರು. ಅಲ್ಲಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಹೋಗಿಬಿಟ್ಟಳು. ಹಾವು ಕಚ್ಚಿದ್ದು ಇಡೀ ಊರಿಗೆ ಗೊತ್ತಿತ್ತು. ಮೊಣಕೈಯ ಕೆಳಗೆ ಹಲ್ಲಿನ ಗುರುತನ್ನು ಎಲ್ಲರೂ ನೋಡಿದ್ದರು. ಆದರೂ ಕಟ್ಟೆಯ ಮೇಲೆ ಕೂತ ಮುದುಕನೊಬ್ಬ ತನ್ನ ತೀರ್ಪು ಕೊಟ್ಟೇಬಿಟ್ಟ.

"ಆ ಗುಳಿಗಿ ನಶಾ ಇರ್ತೈತ್ರೀ. ಕಣ್ಣ ಮಂಜ ಆಗಿರ್ತಾವ. ಹಾವ ಕಾಣ್ಲಿಲ್ಲ ಆಕಿಗೆ."

"ಹೋದ ವರ್ಷ ನಿಮ್ಮ ಎತ್ತಿಗೂ ಹಾವ ಕಚ್ಚಿತಲ್ರಿ, ಅಜ್ಜಾರ," ಅಂದೆ. "ಅದು ಯಾವ ಗುಳಿಗಿ ತಗೋತಿತ್ತು?"

ಮುದುಕ ಎಲೆ ಅಡಿಕೆ ಚೀಲ ಬಿಚ್ಚಿ ಅದರೊಳಗೆ ತಲೆ ಹಾಕಿದ. ಆದರೆ ಮಾತು ಆಗಲೇ ಓಣಿ ಹಿಡಿದಿತ್ತು. ಮಣ್ಣು ಮುಗಿಯುವಷ್ಟರಲ್ಲಿ ಅದು ಊರಿನ ಮಾತಾಯಿತು: ಹುಚ್ಚಿ ಗುಳಿಗೆ ತಿಂದು ಸತ್ತಳು.

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವಳ ಮಗಳ ಲಗ್ನದ ಹೊತ್ತಿಗೆ ಯಾರೋ ಓದಿದವರು ಬೆರಳಿಟ್ಟು ತೋರಿಸುತ್ತಾರೆ. ಇಷ್ಟು ಹೇಳುತ್ತೇನೆ: ಅವಳು ಹೆಣ್ಣುಮಕ್ಕಳ ಕುಬಸ, ಅಂದರೆ ರವಿಕೆ, ಹೊಲಿಯುವವಳು. ನಾನು ಆ ಊರಿನ ಹೆಣ್ಣುಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ಅವಳ ಅಣ್ಣನ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದೆ. ನಡುವೆ ಒಂದೇ ಗೋಡೆ. ಅವಳ ಮಷೀನಿನ ಸದ್ದು ನನಗೆ, ನನ್ನ ಗಡಿಯಾರದ ಗಂಟೆ ಅವಳಿಗೆ ಕೇಳುತ್ತಿತ್ತು.

ನಾನು ಬಂದ ವರ್ಷವೇ ಅವಳನ್ನು ಗಂಡನ ಮನೆಯವರು ತಂದು ಬಿಟ್ಟುಹೋದರು. ಆಗ ಅವಳು ಮೂಲೆಯಲ್ಲಿ ಕೂತು ಗೋಡೆಯ ಜೊತೆ ಜಗಳವಾಡುತ್ತಿದ್ದಳು. ಊಟದಲ್ಲಿ ವಿಷ ಹಾಕಿದ್ದಾರೆಂದು ತಾಟು ದೂಡುತ್ತಿದ್ದಳು. ಗಾಳಿ ಬಡಿದಿದೆ ಎಂದು ನಿಂಬೆಹಣ್ಣು ಕೊಯ್ಯಿಸಿದರು, ತಾಯತ ಕಟ್ಟಿಸಿದರು, ಬೇವಿನ ಬರಲಿನಿಂದ ಹೊಡೆಸಿದರು. ಬೆನ್ನಿನ ಮೇಲೆ ಬಾಸುಂಡೆ ಎದ್ದವು. ಗಾಳಿ ಅಲ್ಲಿಂದ ಅಲುಗಲಿಲ್ಲ. ಕೊನೆಗೆ ಅಣ್ಣನಿಗೆ ದಣಿವಾಯಿತು. "ಅಕ್ಕೋರ, ಡಾಕ್ಟರ ಮುಂದ ನನಗ ಮಾತ ಬರೂದಿಲ್ರಿ. ನೀವೂ ಬರ್ರಿ," ಎಂದ. ರವಿವಾರ ಮೊದಲ ಬಸ್ಸಿಗೆ ಮೂವರೂ ಹುಬ್ಬಳ್ಳಿಗೆ ಹೋದೆವು.

ಆ ಡಾಕ್ಟರು ಹೆಚ್ಚು ಮಾತಿನವರಲ್ಲ. ಇದು ಮಿದುಳಿನ ರೋಗ, ಸ್ಕಿಜೋಫ್ರೇನಿಯಾ ಅನ್ನುತ್ತಾರೆ, ಯಾರ ಶಾಪವೂ ಅಲ್ಲ, ಯಾರ ಮಾಟವೂ ಅಲ್ಲ ಎಂದರು. ಗುಳಿಗೆ ಬರೆದರು. ಮಧ್ಯಾಹ್ನ ಊಟದ ಮೇಲೆ ಒಂದು, ರಾತ್ರಿ ಊಟದ ಮೇಲೆ ಒಂದು. ಗುಣ ಕಾಣಲು ವಾರಗಳೇ ಬೇಕು, ಗುಣ ಕಂಡಿತೆಂದು ತಾವಾಗಿ ಬಿಡಬೇಡಿ, ಏನೇ ತ್ರಾಸಾದರೂ ನನಗೆ ಬಂದು ಹೇಳಿ ಎಂದರು. ಮೂರೇ ಮಾತು. ಆ ಮೂರು ಮಾತನ್ನು ನಮ್ಮ ಸೀಮೆಯಲ್ಲಿ ಪಾಲಿಸುವುದು ಎಷ್ಟು ಕಷ್ಟ ಎನ್ನುವುದು ಆಮೇಲೆ ತಿಳಿಯಿತು.

ವಾರಗಳು ಹೋದವು. ಒಂದು ದಿನ ನಾನು ಶಾಲೆಯಿಂದ ಬರುವಾಗ ಅವಳು ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಹೇಗಿದ್ದೀ ಎಂದು ಕೇಳಿದೆ.

"ಕಿವಿಯೊಳಗ ದಿನಾ ಸಂತಿ ಕೂಡ್ತಿತ್ರೀ, ಅಕ್ಕೋರ," ಅಂದಳು. "ಈಗ ಹರದೈತಿ. ಕಸ ಅಷ್ಟ ಉಳದೈತಿ."

ಅವಳ ನಾಲಿಗೆ ಎಂಥದೆಂದು ಆ ದಿನ ನನಗೆ ಗೊತ್ತಾಯಿತು. ರೋಗದ ಅಡಿಯಲ್ಲಿ ಇಂಥ ಹೆಂಗಸೊಬ್ಬಳು ಹೂತುಹೋಗಿದ್ದಳು. ತವರಿನ ಹಳೆಯ ಮಷೀನಿನ ಧೂಳು ಒರೆಸಿ, ಎಣ್ಣೆ ಬಿಟ್ಟು ಕೂತಳು. ಅಳತೆ ಪಟ್ಟಿಗಿಂತ ಅವಳ ಕಣ್ಣು ಚುರುಕು. ದೊಡ್ಡ ಮನೆಯ ಒಬ್ಬ ಹೆಣ್ಣುಮಗಳು ದಪ್ಪವಾದದ್ದನ್ನು ಒಪ್ಪಿಕೊಳ್ಳದೆ ಹಳೆಯ ಅಳತೆಗೇ ಹೊಲಿ ಎಂದು ಹಟ ಹಿಡಿದಾಗ, "ಹೊಲೀತೀನ್ರೆವಾ. ಆದ್ರ ಕುಬಸ ನಿಮಗಲ್ಲ, ನಿಮ್ಮ ನೆನಪಿಗೆ," ಅಂದಳು. ಆ ಹೆಣ್ಣುಮಗಳು ಸಿಟ್ಟಾಗಿ ಹೋದಳು. ಮರುದಿನ ಹೊಸ ಅಳತೆ ಕೊಟ್ಟುಹೋದಳು.

ಆದರೆ ಗುಳಿಗೆ ಬರಿಗೈಯಲ್ಲಿ ಬರುವುದಿಲ್ಲ. ಕೆಲವು ತಿಂಗಳಲ್ಲಿ ಅವಳ ಕೈ ನಡುಗತೊಡಗಿತು. ಸೂಜಿಯ ಕಣ್ಣಿಗೆ ದಾರ ಪೋಣಿಸಲು ಬಾರದಾಯಿತು. ಕತ್ತು ಬಿಗಿದು ಒಂದು ಕಡೆ ಎಳೆಯುತ್ತಿತ್ತು. ಮುಖ ಮರದ ಹಲಗೆಯಂತೆ ಆಗಿತ್ತು. ಮತ್ತೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರು "ಹ್ಯಾಂಗದೀರಿ?" ಎಂದು ಕೇಳಿದರು.

"ಆರಾಮ್ರಿ," ಅಂದಳು.

ನಮ್ಮ ಕಡೆ ಆ ಪ್ರಶ್ನೆಗೆ ಇರುವುದು ಅದೊಂದೇ ಉತ್ತರ. ಮನೆ ಸುಡುತ್ತಿದ್ದರೂ ದಾರಿಯಲ್ಲಿ ಯಾರಾದರೂ ಕೇಳಿದರೆ ಆರಾಮ್ರಿ ಅನ್ನಬೇಕು, ಅದು ಮರ್ಯಾದೆ. ಡಾಕ್ಟರು ಪೆನ್ನು ತೆಗೆದು ಹಳೆಯದನ್ನೇ ಬರೆಯಲು ಹೊರಟರು. ನಾನು ತಡೆದೆ. "ತಂಗಿ, ಎರಡೂ ಕೈ ಮುಂದ ಚಾಚು," ಅಂದೆ. ಚಾಚಿದಳು. ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗಿದವು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಆರಾಮ ಅನ್ನೂದನ್ನ ಓಣ್ಯಾಗ ಇಟ್ಟು ಬರ್ರಿ, ತಂಗಿ," ಅಂದರು. "ಈ ಖೋಲ್ಯಾಗ ಬ್ಯಾಡ. ಇಲ್ಲಿ ತ್ರಾಸ ಹೇಳಬೇಕು."

ಗುಳಿಗೆಯ ಪ್ರಮಾಣ ಇಳಿಸಿದರು. ನಡುಕಕ್ಕೆ ಬೇರೆ ಒಂದು ಸಣ್ಣ ಗುಳಿಗೆ ಬರೆದರು. ಕೈ ಹಿಡಿತಕ್ಕೆ ಬಂತು. ಅಂದಿನಿಂದ ಆ ಖೋಲಿಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಬಾಯಿ ಒಣಗುತ್ತದೆ, ಮೈ ಬಂದಿದೆ, ಮುಂಜಾನೆ ಎಚ್ಚರಾಗುವುದಿಲ್ಲ, ಎಲ್ಲ ಹೇಳುತ್ತಿದ್ದಳು. ಒಮ್ಮೆ "ಮುಟ್ಟ ತಪ್ಪೈತ್ರೀ, ಗುಳಿಗೀದೇನು?" ಎಂದು ಅಣ್ಣನ ಎದುರೇ ಕೇಳಿಬಿಟ್ಟಳು. ಅಣ್ಣ ಎದ್ದು ಹೊರಗೆ ಓಡಿದ. ರಸ್ತೆಯಲ್ಲಿ ನಿಂತು ಬೀಡಿ ಸೇದಿ, ಬಸ್ಸು ಹತ್ತುವ ತನಕ ತಂಗಿಯ ಮುಖ ನೋಡಲಿಲ್ಲ. ಹೌದು, ಗುಳಿಗೆಯಿಂದ ಹಾಗಾಗುವುದುಂಟು ಎಂದು ಡಾಕ್ಟರು ಹೇಳಿದ್ದು ಪಾಪ ಅವನಿಗೆ ಕೇಳಲೇ ಇಲ್ಲ.

ಅವಳು ಮಲಗಿದ ಹೊರಸಿನಿಂದ ಒಮ್ಮೆಲೇ ಏಳುತ್ತಿರಲಿಲ್ಲ. ಮೊದಲು ಕೂರುವಳು, ಕಾಲು ಕೆಳಗಿಡುವಳು, ಆಮೇಲೆ ಏಳುವಳು. ಅವಸರದಿಂದ ಎದ್ದರೆ ತಲೆ ತಿರುಗುತ್ತಿತ್ತು. ಕೇಳಿದವರಿಗೆ "ಭೂಮಿ ಇನ್ನೂ ಅದ ಜಾಗಾದಾಗ ಐತೇನ ನೋಡ್ತೀನಿ" ಎನ್ನುವಳು. ಬಿಸಿಲಿಗೆ ಹೊರಟರೆ ಸೆರಗಿನ ಮೇಲೆ ಅಣ್ಣನ ದಪ್ಪ ಟವಲು ಹೊದೆಯುವಳು, ಗುಳಿಗೆಗೆ ಬಿಸಿಲು ಆಗಿಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಕಳೆ ತೆಗೆಯುವ ಹೆಂಗಸರು "ಬಂದ್ಲು ನೋಡ್ರೆ ಗೌಡಸಾನಿ" ಎಂದು ನಗುತ್ತಿದ್ದರು. ಇವಳು ಟವಲು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಒಮ್ಮೆ ಹಬ್ಬದ ಗದ್ದಲದಲ್ಲಿ ಮಧ್ಯಾಹ್ನದ ಗುಳಿಗೆ ಮರೆತಳು. ರಾತ್ರಿ ನೆನಪಾಯಿತು. ಅಣ್ಣನ ಹೆಂಡತಿ ಸಲೀಸಾಗಿ ದಾರಿ ಹೇಳಿದಳು: "ಈಗ ಎರಡೂ ಕೂಡಿ ನುಂಗ ಬೇ. ಸರಿ ಆಗ್ತೈತಿ."

"ಮಧ್ಯಾಹ್ನ ಉಂಡಿಲ್ಲಂತ ರಾತ್ರಿ ಎರಡ ಹೊಟ್ಟಿ ಬರ್ತಾವೇನ, ವೈನಿ?" ಎಂದು ಒಂದನ್ನೇ ನುಂಗಿದಳು. ಮುಂದಿನ ಸಲ ಹೋದಾಗ ಅದನ್ನೂ ಡಾಕ್ಟರಿಗೆ ಹೇಳಿದಳು. ಸರಿ ಮಾಡಿದಿರಿ ಎಂದರಂತೆ.

ಶ್ರಾವಣ ಬಂದರೆ ಇನ್ನೊಂದು ತೊಡಕು. ಸೋಮವಾರ ಇಡೀ ಮನೆ ಉಪವಾಸ. ಗುಳಿಗೆ ಊಟದ ಮೇಲಿನದು. ಊಟವೇ ಇಲ್ಲದ ದಿನ ಗುಳಿಗೆ ಯಾಕೆ ಎಂದು ಮನೆಯವರ ತರ್ಕ. ಅವಳು ಡಾಕ್ಟರನ್ನು ಕೇಳಿಕೊಂಡು ಬಂದಳು. ಏನಾದರೂ ತಿಂದು ತಗೊಳ್ಳಿ, ಗುಳಿಗೆಗೆ ಉಪವಾಸವಿಲ್ಲ ಎಂದಿದ್ದರು. ಸೋಮವಾರ ಮಧ್ಯಾಹ್ನ ಎಲ್ಲರ ಕಣ್ಣೆದುರು ರೊಟ್ಟಿ ಮುರಿದಳು. ಓಣಿಯ ಹಿರಿಯಳೊಬ್ಬಳು, "ದೇವರಕಿಂತ ಡಾಕ್ಟರ ದೊಡ್ಡಾಂವ ಆದ್ನೇನವಾ?" ಎಂದು ಕುಟುಕಿದಳು.

"ದೇವರು ಗುಡಿ ಬಿಟ್ಟು ಎಲ್ಲೂ ಹೋಗೂದಿಲ್ಲ, ಯಕ್ಕಾ. ಹೋಗಾಕಿ ನಾನು," ಎಂದಳು ಇವಳು.

ಆ ಮಾತು ಹೆದರಿಕೆಯದು. ಯಾಕೆಂದರೆ ಒಮ್ಮೆ ಹೋಗಿ ಬಂದಿದ್ದಳು. ಎರಡನೆಯ ವರ್ಷ ಅಣ್ಣ, ಓಣಿಯವರು, ನೆಂಟರು ಎಲ್ಲ ಸೇರಿ, ಆರಾಮ ಆಗೀದಿ, ಇನ್ನ ಬಿಡು ಎಂದು ಗಂಟುಬಿದ್ದಿದ್ದರು. ಅವಳೂ ಬಿಟ್ಟಳು. ಮೊದಲು ಏನೂ ಆಗಲಿಲ್ಲ. ಊರು ಬೀಗಿತು. ಆಮೇಲೆ ಒಂದು ಮುಂಜಾನೆ ನಾನು ಶಾಲೆಯ ಕೀಲಿ ಹಿಡಿದು ಹೊರಡುವಾಗ ನನ್ನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗಿದ್ದವು.

"ಅಕ್ಕೋರ, ಸಂತಿ ಮತ್ತ ಕೂಡಾಕತ್ತೈತ್ರೀ. ಇನ್ನ ಮಂದಿ ಬಂದಿಲ್ಲ. ಅಂಗಡಿ ಹಚ್ಚಾಕತ್ತಾರ."

ಅದೇ ದಿನ ಹುಬ್ಬಳ್ಳಿಗೆ ಕರೆದೊಯ್ದೆ. ಮಂದಿ ಬರುವ ಮೊದಲೇ ಬಂದಿರಿ, ಚಲೋ ಆತು ಎಂದರು ಡಾಕ್ಟರು. ಆ ಸಲ ಮತ್ತೆ ನೆಲಕ್ಕೆ ಬರಲು ಮೊದಲಿಗಿಂತ ಹೆಚ್ಚು ಕಾಲ ಹಿಡಿಯಿತು. ಬಿಡು ಎಂದು ಗಂಟುಬಿದ್ದವರಲ್ಲಿ ಒಬ್ಬರೂ ಆ ದಿನಗಳಲ್ಲಿ ಹಣಿಕಿ ನೋಡಲಿಲ್ಲ.

ಇನ್ನು ಅವಳು ಪಡಸಾಲೆಯಲ್ಲಿ ಗುಳಿಗೆ ನುಂಗಿದ ಮಧ್ಯಾಹ್ನದ ಮಾತು. ಅವಳು ತವರಿಗೆ ಬಂದ ಮೂರನೆಯ ವರ್ಷ ಗಂಡನ ಮನೆಯವರು ಅವಳನ್ನು ಕರೆದೊಯ್ಯಲು ಬರುತ್ತೇವೆಂದು ಹೇಳಿ ಕಳಿಸಿದರು. ಮಗಳನ್ನೂ ತರುತ್ತಾರಂತೆ ಎಂದು ಗೊತ್ತಾದಾಗ ಅವಳು ಮಷೀನಿನಲ್ಲಿ ಅರ್ಧ ಹೊಲಿದ ಕುಬಸವನ್ನು ಹಾಗೇ ಬಿಟ್ಟು ಮಗಳಿಗೆ ಮೈಗೆ ಒಂದು ಝಂಪರು, ಸೊಂಟಕ್ಕೆ ಒಂದು ಪರಕರ ಹೊಲಿಯಲು ಕೂತಳು. ಮಗುವನ್ನು ಅದು ಮೂರು ವರ್ಷದ್ದಿದ್ದಾಗ ಕೊನೆಯ ಸಲ ನೋಡಿದ್ದು. ಅಂದಾಜಿನ ಮೇಲೆ ಹೊಲಿದಳು. ಅಂದಾಜು ಹೆಚ್ಚೇ ಹಿಡಿದಳು.

ಅಣ್ಣ ತನ್ನ ಏರ್ಪಾಡು ಮಾಡಿಕೊಂಡಿದ್ದ. ಹಿಂದಿನ ದಿನ ನನ್ನ ಎದುರೇ ತಂಗಿಗೆ ಹೇಳಿದ: "ಗುಳಿಗಿ ಹಿಟ್ಟಿನ ಡಬ್ಬ್ಯಾಗ ಮುಚ್ಚಿಡು. ಕೇಳಿದ್ರ ಬಿಟ್ಟು ಭಾಳ ದಿನಾ ಆತು ಅನ್ನು. ಅಲ್ಲಿ ಹೋದ ಮ್ಯಾಲೆ ಕದ್ದು ತಗೊಂಡ್ರ ಆತು. ನಿನ್ನ ಸಂಸಾರ ಕೂಡ್ತೈತಿ, ನನ್ನ ತಲಿ ಮ್ಯಾಲಿನ ಭಾರಾನೂ ಇಳೀತೈತಿ." ಅವಳು ಪರಕರದ ಅಂಚು ಮಡಚುತ್ತಲೇ ಇದ್ದಳು.

ಬಂದರು. ಊಟ ಮಾಡಿಸಿದರು. ಊರಿನ ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಂಡು ಪಡಸಾಲೆಯಲ್ಲಿ ಮಾತಿಗೆ ಕೂತರು. ನನ್ನನ್ನು ಬಾಗಿಲ ಬಳಿ ಕೂರಿಸಿದ್ದರು, ಸಾಕ್ಷಿಗೆ. ಮಗು ಅಜ್ಜಿಯ ತೊಡೆಯ ಮೇಲೆ ಮುದುರಿ ಕೂತಿತ್ತು. ತಾಯಿ ಹೊಲಿದ ಝಂಪರನ್ನು ಅದಕ್ಕೆ ತೊಡಿಸಲು ನೋಡಿದರು, ಭುಜದಲ್ಲಿ ಇಳಿಯಲಿಲ್ಲ. ಅಷ್ಟು ಹೆಚ್ಚು ಹಿಡಿದರೂ ಮಗಳು ಅವಳ ಅಂದಾಜನ್ನು ಮೀರಿ ಬೆಳೆದಿದ್ದಳು. ಅಜ್ಜಿ ಅದನ್ನು ಮಡಚಿ ಬಾಜು ಇಟ್ಟಳು.

"ನನ್ನದೊಂದ ಮಾತು," ಎಂದಳು ಅತ್ತೆ. "ಈಕಿ ಈಗ ಆರಾಮ ಅದಾಳೋ ಇಲ್ಲೋ?"

"ಅಗದಿ ಆರಾಮ ಅದಾಳ," ಎಂದರು ಹಿರಿಯರು. "ಊರಾನ ಹೆಣಮಕ್ಕಳ ಕುಬಸ ಎಲ್ಲಾ ಈಕೀನ ಹೊಲೀತಾಳ. ಬೇಕಾದ್ರ ಕೇಳ್ರಿ."

"ಹಂಗಾರ ಗುಳಿಗಿ ತಗೋತಾಳಂತ ಸುದ್ದಿ ಐತೆಲ್ಲ? ಆರಾಮ ಇದ್ದಾಕಿಗೆ ಗುಳಿಗಿ ಯಾಕ? ಗುಳಿಗಿ ಬೇಕಂದ್ರ ಆರಾಮ ಹ್ಯಾಂಗ?"

ಹಿರಿಯರು ಮೀಸೆ ತೀಡಿಕೊಂಡರು. ಆ ಹೆಂಗಸು ದುಷ್ಟಳಲ್ಲ. ಅವಳು ತನಗೆ ಗೊತ್ತಿದ್ದ ಮಾತನ್ನು ಗೊತ್ತಿದ್ದ ಅರ್ಥದಲ್ಲೇ ಆಡಿದಳು. ನಮ್ಮಲ್ಲಿ ಜ್ವರ ಬಿಟ್ಟವನೂ ಆರಾಮ, ಉಂಡು ಮಲಗಿದವನೂ ಆರಾಮ, ಏನೂ ಆಗದವನೂ ಆರಾಮ. ಜ್ವರ ಇಳಿದ ದಿನ ಗುಳಿಗೆಯ ಪುಡಿಕೆ ಬೀಸಿ ಒಗೆಯುವುದು ವಾಡಿಕೆ. ಗುಳಿಗೆಯ ಜೊತೆಗೇ ಬದುಕಿ ಚೆನ್ನಾಗಿರುವವರನ್ನು ಕರೆಯಲು ನಮ್ಮ ಬಾಯಲ್ಲಿ ಬೇರೆ ಮಾತೇ ಇಲ್ಲ. ಮಾತು ಇಲ್ಲದ ಕಡೆ ಮನುಷ್ಯರಿಗೂ ಜಾಗ ಇರುವುದಿಲ್ಲ.

ಅಣ್ಣ ಗಂಟಲು ಸರಿಪಡಿಸಿಕೊಂಡ. "ಅದು ಮೊದಲ ತಗೋತಿದ್ಲ್ರೀ. ಈಗೇನಿಲ್ಲ..."

ಅವಳು ಎದ್ದಳು. ಅಡುಗೆಮನೆಗೆ ಹೋಗಿ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಗುಳಿಗೆಯ ಪುಡಿಕೆ ಹಿಡಿದು ಬಂದಳು.

"ಈಗ ಬ್ಯಾಡ ಬೇ," ಎಂದ ಅಣ್ಣ ಹಲ್ಲು ಕಚ್ಚಿ. "ಅವ್ರು ಹೋಗಲಿ."

"ಊಟಾ ಈಗ ಆಗೈತಲ್ಲಣ್ಣ," ಎಂದಳು. ಎಲ್ಲರ ನಡುವೆ ನಿಂತು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. ಗಂಡ ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ.

"ನೋಡ್ರಿ! ನೋಡಿದ್ರ್ಯಾ?" ಎಂದು ಅತ್ತೆ ಕೈ ಬೀಸಿದಳು.

"ನೋಡ್ಲಿ ಅಂತನ ತಗೊಂಡೆ, ಅತ್ತಿ. ಕೂಡ್ರಿ, ಇನ್ನೊಂದ ಮಾತೈತಿ." ಅವಳ ದನಿ ಏರಲಿಲ್ಲ. "ಆವತ್ತ ಸುಡು ಬಿಸಲಾಗ ಈ ಕೂಸನ್ನ ಎತಗೊಂಡ ಹೊಲಕ್ಕ ಹೋಗಿ, ಒಡ್ಡಿನ ಬುಡಕ ಮಲಗಿಸಿ, ಮ್ಯಾಲೆ ಹತ್ತಿಕಟಗಿ ಮುಚ್ಚಿದಾಕಿ ನಾನ. ಕೂಸನ್ನ ಕೊಲ್ಲಾಕ ಮಂದಿ ಬರಾಕತ್ತಾರಂತ ಕಿವ್ಯಾಗ ಹೇಳಿದ್ರು. ಮುಚ್ಚಿಡಂದ್ರು, ಮುಚ್ಚಿಟ್ಟೆ. ನೀವು ಹುಡಿಕಿ ತಗಿಯೂದ್ರಾಗ ಅದರ ನಾಲಿಗಿ ಒಣಗಿ ಕಟಗಿ ಆಗಿತ್ತು. ಇನ್ನೊಂದ ತಾಸ ತಡಾ ಆಗಿದ್ರ? ಮಂದಿ ಎಲ್ಲಾ ಮರತಾರ. ನಾ ಮರತಿಲ್ಲ."

ಅವಳು ತಂಬಿಗೆ ಕೆಳಗಿಟ್ಟಳು.

"ಗುಳಿಗಿ ಬಿಟ್ಟು ಬಂದ್ರ ನಿಮಗ ಸೊಸಿ ಸಿಗ್ತಾಳ. ಈ ಕೂಸಿಗೆ ಅವ್ವ ಸಿಗೂದಿಲ್ಲ. ಗುಳಿಗಿ ಸಹಿತ ಕರಕೊಂಡ ಹೋಗೂದಿದ್ರ ಈಗಿಂದೀಗ ಬರ್ತೀನಿ. ಕದ್ದು ತಗೊಳ್ಳಾಕ ನಾನೇನ ಕಳುವು ಮಾಡಿಲ್ಲ. ಕದ್ದು ತಗೊಂಡದ್ದು ಒಂದಿನ ತಪ್ಪತೈತಿ. ತಪ್ಪಿದ ದಿನಾ ಮನ್ಯಾಗ ಈ ಕೂಸ ಇರ್ತೈತಿ."

ಹಿರಿಯರು ಗಂಡನ ಕಡೆ ತಿರುಗಿದರು. "ನೀ ಏನಂತೀಯೋ, ತಮ್ಮಾ?"

ಅವನು ತಾಯಿಯ ಕಡೆ ನೋಡಿದ. ತಾಯಿ ಎದ್ದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಅಷ್ಟು ದೊಡ್ಡ ಮಗು, ನಡೆಯಬಲ್ಲದು, ಆದರೂ ಏರಿಸಿಕೊಂಡಳು. ನಾಲ್ಕರ ಬಸ್ಸಿಗೆ ಹೋದರು.

ಅವಳು ಬಾಗಿಲ ತನಕ ಹೋಗಿ ನಿಂತಳು. ಬಂದು ಮಷೀನಿಗೆ ಕೂತಳು. ಬಿಟ್ಟುಹೋದ ಕುಬಸ ಎತ್ತಿಕೊಂಡಳು. ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ಬೆಳಕು ಹೋಗುವ ತನಕ ಅದೊಂದೇ ತೋಳು. ನಾನು ಪಕ್ಕದಲ್ಲಿ ಕೂತಿದ್ದೆ. ರಾತ್ರಿ ಊಟ ಬೇಡವೆಂದಳು. ಆಮೇಲೆ ತಾನೇ ಎದ್ದು ಅರ್ಧ ರೊಟ್ಟಿ ತಿಂದಳು, ಗುಳಿಗೆ ತಗೊಳ್ಳಬೇಕಲ್ಲ ಎಂದು.

ಊರು ಅವಳಿಗೆ ಇಟ್ಟ ಹೆಸರು ಅಂದಿನಿಂದ ಬದಲಾಯಿತು. ಮೊದಲು ಹುಚ್ಚಿ ಎನ್ನುತ್ತಿದ್ದರು, ಅದರಲ್ಲಿ ಅಷ್ಟಿಷ್ಟು ಕನಿಕರವಾದರೂ ಇತ್ತು. ಈಗ ಗುಳಿಗಿಗೋಸ್ಕರ ಮಗಳನ್ನ ಬಿಟ್ಟಾಕಿ ಎಂದರು. ಮಗುವನ್ನು ಬಿಸಿಲಲ್ಲಿ ಮುಚ್ಚಿಟ್ಟಾಗ ಕ್ಷಮಿಸಿದವರು, ಮಗುವನ್ನು ತನ್ನಿಂದಲೇ ಕಾಯ್ದುಕೊಂಡಾಗ ಕ್ಷಮಿಸಲಿಲ್ಲ. ಅದೇ ಹೆಂಗಸರು ಕುಬಸ ಹೊಲಿಸಲು ಮಾತ್ರ ಅವಳ ಹತ್ತಿರವೇ ಬಂದರು. ಅವಳು ಹೊಲಿದು ಕೊಟ್ಟಳು. ಗಂಡ ಬೇರೆ ಲಗ್ನವಾಗಲಿಲ್ಲ, ಇವಳನ್ನು ಕರೆಯಲೂ ಇಲ್ಲ. ಮಗಳನ್ನು ಒಮ್ಮೆಯೂ ಕಳಿಸಲಿಲ್ಲ. ಉಳಿದ ವರ್ಷಗಳೆಲ್ಲ ಅವಳು ಗುಳಿಗೆ ತಗೊಂಡಳು, ಹುಬ್ಬಳ್ಳಿಗೆ ಹೋಗಿ ತೋರಿಸಿ ಬಂದಳು, ದುಡಿದು ಉಂಡಳು. ಡಾಕ್ಟರು ಹೇಳಿದ ಎಲ್ಲವನ್ನೂ ಪಾಲಿಸಿದರೆ ಏನು ಸಿಗುತ್ತದೆ ಎಂದು ಕೇಳುವವರಿಗೆ ನಾನು ಸುಳ್ಳು ಹೇಳಲಾರೆ. ನೆಟ್ಟಗಿನ ತಲೆ ಸಿಗುತ್ತದೆ. ಉಳಿದದ್ದನ್ನು ಕೊಡಬೇಕಾದವರು ಬೇರೆಯವರು.

ಮಣ್ಣಿನ ದಿನಕ್ಕೆ ಮರಳುತ್ತೇನೆ. ಮಗಳು ತಾಯಿಯ ಬಾಯಿಗೆ ನೀರು ಬಿಡಬೇಕಾಗಿತ್ತು. ಹುಡುಗಿ ಮುಂದೆ ಬಂದು ನಿಂತು ಬಹಳ ಹೊತ್ತು ಆ ಮುಖವನ್ನೇ ನೋಡಿದಳು, ಪರಿಚಯವಿಲ್ಲದವರನ್ನು ನೋಡುವ ಹಾಗೆ. "ಬಿಡು ಬಿಡು, ಸಾಕು, ಬಾಜೂಕ ಸರಿ," ಎಂದು ಅಜ್ಜಿ ಅವಸರ ಮಾಡಿದಳು. ಹುಡುಗಿ ಸರಿಯಲಿಲ್ಲ. ತಂಬಿಗೆಯ ನೀರು ಮುಗಿಯುವ ತನಕ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಆಮೇಲೆ ಅವಳಾಗಿಯೇ ಹಿಂದೆ ಸರಿದಳು.

ಒಂದಕ್ಕೆ ಎತ್ತಿದರು. ಎರಡಕ್ಕೆ ಎಲ್ಲ ಮುಗಿಯಿತು. ಬಾವಿಯ ಹತ್ತಿರ ಕಾಲು ತೊಳೆಯುವಾಗ ಗಂಡ ನನ್ನ ಬಳಿ ಬಂದ. ಅಷ್ಟು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಅಕ್ಕೋರ, ಆಕಿ ಗುಳಿಗಿ ಉಳದಿರಬೇಕಲ್ರಿ?"

"ಉಳದಾವ. ಯಾಕ?"

ಸುತ್ತ ನೋಡಿ ದನಿ ತಗ್ಗಿಸಿದ. "ನನ್ನ ತಮ್ಮಗ ಬೇಕಾಗ್ಯಾವ್ರಿ. ಅವನ ಕಿವ್ಯಾಗೂ ಯಾರೋ ಮಾತಾಡ್ತಾರಂತ. ದೀಪಾವಳಿಯಿಂದ. ಹಗಲೆಲ್ಲಾ ಕದಾ ಹಾಕ್ಕೊಂಡ ಕೂಡ್ತಾನ."

"ನಿಮ್ಮವ್ವಗ ಗೊತ್ತೈತೇನು?"

"ಗೊತ್ತೈತ್ರಿ. ಗಾಳಿ ಅಂತಾಳ. ಯಾರ ಮುಂದೂ ಅನಬ್ಯಾಡ ಅಂದಾಳ. ಅವನ ಲಗ್ನ ಗೊತ್ತಾಗೈತ್ರಿ." ಕೈ ಹೊಸಕಿಕೊಂಡ. "ಉಳದ ಗುಳಿಗಿ ಕೊಟ್ರ ಯಾರಿಗೂ ತಿಳೀದಂಗ ಸಾರಿನ್ಯಾಗ ಹಾಕಿ ಕೊಡ್ತೀನಿ."

ಅವನ ಮುಖ ನೋಡಿದೆ. ಕನಿಕರ ಬರಬೇಕಾಗಿತ್ತು. ಸ್ವಲ್ಪ ಬಂತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂದಿತ್ತು.

"ಆಕಿ ಕುಬಸ ನಿನ್ನ ತಮ್ಮಗ ಬರ್ತೈತೇನು?" ಅಂದೆ.

"ಏನ್ರಿ?"

"ಆ ಗುಳಿಗಿ ಆಕಿ ಮೈ ನೋಡಿ, ಆಕಿ ತ್ರಾಸ ಕೇಳಿ, ಏರಿಸಿ ಇಳಿಸಿ ಆಕಿ ಅಳತೀಗೆ ಕೊಟ್ಟದ್ದು. ಇನ್ನೊಬ್ಬರ ಬಾಯಾಗ ಹಾಕೂದಲ್ಲ. ಕಣ್ಣ ತಪ್ಪಿಸಿ ಸಾರಿನ್ಯಾಗ ಕಲಸೂದಂತೂ ಅಲ್ಲ. ಊಟದಾಗ ಏನೋ ಹಾಕ್ಯಾರಂತ ಅವಗ ಮೊದಲ ಅಂಜಿಕಿ ಇರ್ತೈತಿ, ಅದನ್ನ ನೀನ ಖರೇ ಮಾಡ್ತೀಯೇನು? ಟೆಂಪೋ ಹುಬ್ಬಳ್ಳಿ ಮ್ಯಾಲೆ ಹೋಗೂದು. ಸಂಜಿಗೆ ಡಾಕ್ಟರು ಇರ್ತಾರ. ಇವತ್ತ ಹೋಗಿ ಕಂಡು ಮಾತಾಡು, ನಾಳೆ ತಮ್ಮನ್ನ ಕರಕೊಂಡ ಹೋಗು. ಲಗ್ನ ಆಮ್ಯಾಲೆ. ಹೆಣ್ಣಿನವರಿಗೆ ಹೇಳಿ."

"ಹೇಳಿದ್ರ ಯಾರ ಹೆಣ್ಣ ಕೊಡ್ತಾರ್ರಿ? ಮಂದಿಗೆ ಗೊತ್ತಾದ್ರ..."

"ಮಂದಿಗೆ ಗೊತ್ತಾಗಲಿ ಅಂತನ ಆಕಿ ನಿನ್ನ ಎದುರ ನಿಂತು ನುಂಗಿದ್ಲು."

ಅವನು ಬಾವಿಯ ಕಲ್ಲು ನೋಡಿದ. "ಆವತ್ತ ನಾನೂ ಅಲ್ಲೇ ಇದ್ದೆ ಅಲ್ರಿ," ಎಂದ ಮೆಲ್ಲಗೆ.

"ಇದ್ದಿ," ಅಂದೆ.

ಡಾಕ್ಟರ ಜಾಗ ಹೇಳಿದೆ. ಬಸ್‌ಸ್ಟ್ಯಾಂಡಿನಿಂದ ಹೇಗೆ ಹೋಗುವುದು, ಯಾವ ಓಣಿ, ಬಾಗಿಲ ಮುಂದೆ ಯಾವ ಗಿಡ, ಎಲ್ಲ. ಹೇಳಿ ಅವನ ಬಾಯಿಂದ ಮತ್ತೆ ಹೇಳಿಸಿದೆ. ಹೂಂರಿ, ಹೂಂರಿ ಎಂದ. ಟೆಂಪೋದಿಂದ ತಾಯಿ ಕೂಗಿದಳು. ಓಡಿದ. ಹುಡುಗಿ ಹಿಂದುಗಡೆ ಕೂತು ನಮ್ಮ ಕಡೆ ನೋಡುತ್ತಿದ್ದಳು. ಧೂಳು ಎದ್ದಿತು.

ಅಣ್ಣನ ಹೆಂಡತಿ ಗುಳಿಗೆಯ ಪುಡಿಕೆ ತಂದು ನನ್ನ ಕೈಗೆ ಹಾಕಿದಳು. "ಇದನ್ನೇನ ಮಾಡೂದ್ರಿ, ಅಕ್ಕೋರ? ತಿಪ್ಪಿಗೆ ಒಗಿಲ್ಯಾ?" ತಿಪ್ಪೆಯ ಮೇಲೆ ದನ ಮೇಯುತ್ತವೆ, ಮಕ್ಕಳು ಆಡುತ್ತವೆ. ಬೇಡ, ಡಾಕ್ಟರಿಗೇ ಮರಳಿಸಿ ಬರುತ್ತೇನೆ ಅಂದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮೂರೂವರೆಯ ಬಸ್ಸಿಗೆ ಹುಬ್ಬಳ್ಳಿಗೆ ಹೊರಟೆ.

ಡಾಕ್ಟರ ಬಾಗಿಲ ಹೊರಗೆ ಬಾಕಿನ ಮೇಲೆ ಮಂದಿ ಕೂತಿದ್ದರು. ಕಂಪೌಂಡರು ನನ್ನನ್ನು ಗುರುತಿಸಿ ಒಳಗೆ ಹೋಗಲು ಹೇಳಿದ. ಆಗಲಿ, ಕೊನೆಗೆ ಹೋಗುತ್ತೇನೆ ಎಂದು ಬಾಕಿನ ತುದಿಗೆ ಕೂತೆ. ಅಲ್ಲಿಂದ ರಸ್ತೆ ಕಾಣುತ್ತಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಎರಡು ಟೆಂಪೋ ಹೋದವು, ನಿಲ್ಲಲಿಲ್ಲ. ಬಾಕು ಖಾಲಿಯಾಯಿತು. ಮಿಶ್ರಿಕೋಟಿಯವರು ಯಾರೂ ಬರಲಿಲ್ಲ. ಕಂಪೌಂಡರು ಹೊರಗಿನ ಕದ ಮುಚ್ಚಲು ಎದ್ದಾಗ ನಾನೂ ಎದ್ದೆ. ಒಳಗೆ ಹೋಗಿ, ಪುಡಿಕೆಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ.